ಐಸಮ್ಮನ ಆರು ಗಂಟೆ

ಯುದ್ಧ ನಡೆಯುತ್ತಿದ್ದದ್ದು ಸಮುದ್ರದಾಚೆಯ ಎರಡು ದೇಶಗಳ ನಡುವೆ. ಆದರೆ ಅದರ ಮೊದಲ ಪೆಟ್ಟು ಬಿದ್ದದ್ದು ನಮ್ಮ ಅಡುಗೆಮನೆಯ ಮಿಕ್ಸಿಗೆ. ಬೆಳಿಗ್ಗೆ ಏಳೂವರೆಗೆ ನಾನು ಮೆಣಸಿನಕಾಯಿ ರುಬ್ಬುತ್ತಿದ್ದಾಗ ಅದು ಗಕ್ಕನೆ ನಿಂತಿತು. ಹೊರಗೆ ಬಂದು ನೋಡಿದರೆ ಮೀಟರ್ ಬೋರ್ಡಿನ ಮುಂದೆ ಮಾವ ನಿಂತಿದ್ದರು. ಪಿಂಗಾಣಿ ಫ್ಯೂಸು ಅವರ ಕೈಯಲ್ಲಿತ್ತು.

"ಕರೆಂಟ್ ಹೋಯ್ತಾ ಮಾವ?"

"ಹೋಗಿಲ್ಲ, ತೆಗ್ದೆ. ನಿಮಗೆಲ್ಲ ಅಭ್ಯಾಸ ಆಗ್ಲಿ ಅಂತ."

ಹಿಂದಿನ ಸಂಜೆ ಟಿವಿಯಲ್ಲಿ ಮಂತ್ರಿಯೊಬ್ಬರು ಬಂದು, ಕಲ್ಲಿದ್ದಲಿನ ಹಡಗುಗಳು ದಾರಿಯಲ್ಲಿ ಸಿಕ್ಕಿಹಾಕಿಕೊಂಡಿವೆ, ಯುದ್ಧ ಹೀಗೇ ಮುಂದುವರಿದರೆ ದಿನಕ್ಕೆ ಆರು ಗಂಟೆ ವಿದ್ಯುತ್ ಕಡಿತ ಮಾಡಬೇಕಾಗಬಹುದು, ಜನ ಗಾಬರಿಪಡಬಾರದು ಎಂದಿದ್ದರು. ಮಾವ ಟಿವಿ ಆರಿಸಿ, "ಗಾಬರಿಪಡಬೇಡಿ ಅಂದ್ರು ಅಂದ್ಮೇಲೆ ಗಾಬರಿಪಡೋ ಕಾಲ ಬಂತು ಅಂತಾನೇ ಅರ್ಥ" ಎಂದು ಘೋಷಿಸಿದ್ದರು. ಆಗ ಅವರ ಮುಖದಲ್ಲಿ ಗಾಬರಿಯೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಮೂರು ವರ್ಷದಿಂದ ನಾನು ಅವರನ್ನು ಅಷ್ಟು ಖುಷಿಯಾಗಿ ನೋಡಿರಲಿಲ್ಲ.

ಮೂರು ವರ್ಷ ಎಂದರೆ ಅವರು ನಿವೃತ್ತರಾಗಿ. ಅದಕ್ಕೂ ಮುಂಚೆ ಮೂವತ್ನಾಲ್ಕು ವರ್ಷ ವಿದ್ಯುತ್ ಇಲಾಖೆಯ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಯಾವ ಬಡಾವಣೆಗೆ ಯಾವಾಗ ಕರೆಂಟು, ಯಾವಾಗ ಕತ್ತಲು ಎಂಬುದು ಅವರ ಬೆರಳ ತುದಿಯಲ್ಲಿತ್ತು. ಅಲ್ಲಿ ಒಂದು ಪದ್ಧತಿ ಇತ್ತಂತೆ. ಲೈನ್‌ಮ್ಯಾನ್ ಕಂಬ ಹತ್ತುವ ಮುಂಚೆ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುವುದು. ಮೇಜಿನ ಮೇಲಿಟ್ಟರೆ ಯಾರಾದರೂ ಮರೆತು ಹಾಕಿಬಿಟ್ಟಾರು, ಕಂಬದ ಮೇಲಿರುವವನ ಜೀವ ಹೋದೀತು. ಫ್ಯೂಸು ಯಾರ ಜೇಬಿನಲ್ಲಿದೆಯೋ ಅವರೇ ಯಜಮಾನರು. ನಮ್ಮ ಮನೆಯಲ್ಲಿ ಯಾರೂ ಕಂಬ ಹತ್ತುವವರಿರಲಿಲ್ಲ, ಆದರೂ ಮಾವ ಫ್ಯೂಸನ್ನು ಅಂಗಿಯ ಎಡಜೇಬಿಗೆ ಇಳಿಬಿಟ್ಟುಕೊಂಡು ಸುತ್ತಾಟಕ್ಕೆ ಹೊರಟರು.

ಆ ವಾರವೆಲ್ಲ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಕೆಲಸ. ಸ್ನಾನದ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ನೀರಿನ ಡ್ರಮ್ಮುಗಳು ಬಂದವು. ಗ್ಯಾಸ್ ಉಳಿಸಬೇಕೆಂದು ಅನ್ನಕ್ಕೆ ಒಂದು ಕುದಿ ಬಂದ ಕೂಡಲೇ ಪಾತ್ರೆ ಇಳಿಸಿ, ಮಾವನ ಉಣ್ಣೆ ಕಂಬಳಿಯಲ್ಲಿ ಸುತ್ತಿ, ಹಾಸಿಗೆಯಲ್ಲಿ ಮಲಗಿಸುವ ಪದ್ಧತಿ ಶುರುವಾಯಿತು. ಅನ್ನ ಬೇಯುತ್ತಿತ್ತು, ಸುಳ್ಳು ಹೇಳಬಾರದು. ನನ್ನ ಗಂಡ ಮಾತ್ರ ಅದು ಗೊತ್ತಿಲ್ಲದೆ ಕೆಲಸದಿಂದ ಬಂದವನೇ ಹಾಸಿಗೆಗೆ ಬಿದ್ದು ಬೆನ್ನು ಸುಟ್ಟುಕೊಂಡ. ಇಸ್ತ್ರಿ ಪೆಟ್ಟಿಗೆ ಬಳಸಬೇಕೆಂದರೆ ಹಿಂದಿನ ದಿನವೇ ಮಾವನಿಗೆ ಚೀಟಿ ಬರೆದುಕೊಡಬೇಕು. ನಾನು ಮುದ್ರಣಾಲಯಕ್ಕೆ ಕರಡು ತಿದ್ದಿಕೊಡುವವಳು, ಬೇರೆಯವರ ತಪ್ಪು ಹುಡುಕುವುದೇ ನನ್ನ ಅನ್ನ. ಮಾವ ಕೊಟ್ಟ ನಿಯಮಗಳ ಪಟ್ಟಿಯಲ್ಲಿ ಹನ್ನೊಂದು ತಪ್ಪು ತಿದ್ದಿ ವಾಪಸ್ಸು ಕೊಟ್ಟೆ. ಅವರು ಅದನ್ನು ಶುದ್ಧಪ್ರತಿ ಮಾಡಿ ಫ್ರಿಜ್ಜಿಗೆ ಅಂಟಿಸಿದರು.

ಇಷ್ಟೇ ಆಗಿದ್ದರೆ ನಾವು ನಗುನಗುತ್ತಲೇ ಕತ್ತಲಲ್ಲಿ ಕೂರುತ್ತಿದ್ದೆವು. ಎಂಟನೆಯ ದಿನ ಮಾವನ ಕಣ್ಣು ಅತ್ತೆಯ ಫ್ರೀಜರಿನ ಮೇಲೆ ಬಿತ್ತು.

ಅದು ಹಜಾರದ ಮೂಲೆಯಲ್ಲಿ ಮಂಚದಷ್ಟು ಉದ್ದಕ್ಕೆ ಕೂತಿರುವ, ಮೇಲಕ್ಕೆ ಮುಚ್ಚಳ ತೆಗೆಯುವ ದೊಡ್ಡ ಪೆಟ್ಟಿಗೆ. ಅತ್ತೆ ಹನ್ನೊಂದು ವರ್ಷದಿಂದ ಅದರಲ್ಲಿ ಐಸ್ ಮಾಡಿ ಮಾರುತ್ತಾರೆ. ಕಿತ್ತಳೆ ಬಣ್ಣದ, ನಿಂಬೆ ಬಣ್ಣದ ಐಸ್‌ಕಡ್ಡಿ ಶಾಲೆಯ ಮಕ್ಕಳಿಗೆ, ಗಟ್ಟಿ ಐಸ್ ಮೀನು ಮಾರುವವಳಿಗೆ, ಹಣ್ಣಿನ ರಸದ ಅಂಗಡಿಗೆ, ಕಾಲು ಉಳುಕಿಸಿಕೊಂಡವರಿಗೆ. ಬೀದಿಯಲ್ಲಿ ಅವರ ಹೆಸರೇ ಐಸಮ್ಮ. ಒಂದು ಸೂಜಿ ಬೇಕಾದರೂ ಗಂಡನ ಮುಂದೆ ಕೈಚಾಚುತ್ತಿದ್ದ ಹೆಂಗಸನ್ನು ತಲೆಯೆತ್ತಿ ನಡೆಯುವಂತೆ ಮಾಡಿದ್ದು ಆ ಪೆಟ್ಟಿಗೆ. ಅದು ಹೋದರೆ ಅತ್ತೆ ಮತ್ತೆ ಬರೀ ಅತ್ತೆ.

"ಮನೇಲಿ ಎಲ್ಲಕ್ಕಿಂತ ಜಾಸ್ತಿ ಕರೆಂಟ್ ಕುಡಿಯೋದು ಇದೇ" ಎಂದರು ಮಾವ. "ದಿನಾ ಆರು ಗಂಟೆ ಕರೆಂಟ್ ಹೋದ್ರೆ ಎಲ್ಲಾ ಕರಗಿ ನೀರಾಗುತ್ತೆ. ಆಮೇಲೆ ಇದನ್ನ ಕೇಳೋರಿರಲ್ಲ. ಈಗ್ಲೇ ಮಾರ್ಬಿಡೋಣ."

"ಇನ್ನೂ ಹೋಗೇ ಇಲ್ವಲ್ರೀ ಕರೆಂಟು."

"ಹೋದ್ಮೇಲೆ ಅಳ್ತೀಯಾ?"

"ನನ್ ಐಸು ಆರು ಗಂಟೆ ಕರಗ್ದೆ ನಿಲ್ಲುತ್ತೆ" ಎಂದರು ಅತ್ತೆ.

ಹೀಗೆ ಪಂದ್ಯ ಕಟ್ಟಿದ್ದಾಯಿತು. ಮಾವ ದಿನಾ ಒಂದಿಷ್ಟು ಹೊತ್ತು ಫ್ಯೂಸು ಕೀಳುವುದು. ಮುಂದಿನ ಶುಕ್ರವಾರ ಪೂರ್ತಿ ಆರು ಗಂಟೆ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಪರೀಕ್ಷೆ. ಐಸು ನಿಂತರೆ ಫ್ರೀಜರು ಉಳಿಯಿತು. ಕರಗಿದರೆ ನಾಲ್ಕು ಗಂಟೆಗೆ ಹಳೇ ಸಾಮಾನಿನ ಅಂಗಡಿಯವನು ಬಂದು ಹೊತ್ತುಕೊಂಡು ಹೋಗುವುದು. ಮಾವ ಅಂಗಡಿಯವನಿಗೆ ಆಗಲೇ ಹೇಳಿಯೂ ಆಗಿತ್ತು.

ಅತ್ತೆ ಮಾವನ ಎದುರಿಗೆ ತಲೆಯಾಡಿಸಿದರು. ಮಾವ ಆಚೆ ಹೋದ ಮೇಲೆ ನನ್ನ ಕಡೆ ತಿರುಗಿದರು.

"ಆ ಥರ ಫ್ಯೂಸು ಅಂಗಡೀಲಿ ಸಿಗುತ್ತೇನಮ್ಮ?"

ಅವರು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುವವರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ನನ್ನ ಗಂಡ ಸಂಜೆ ಬರುವಾಗ ತದ್ವತ್ ಅಂಥದ್ದೇ ಇನ್ನೊಂದು ಫ್ಯೂಸು ತಂದ. ಮಾರನೆಯ ದಿನದಿಂದ ನಮ್ಮದೂ ಒಂದು ವೇಳಾಪಟ್ಟಿ. ಮಾವ ಫ್ಯೂಸು ಜೇಬಿಗಿಳಿಸಿ ಬೀದಿಯ ತಿರುವು ದಾಟುತ್ತಿದ್ದಂತೆ ಅತ್ತೆ ನಮ್ಮ ಫ್ಯೂಸು ಸಿಕ್ಕಿಸುತ್ತಿದ್ದರು. ಫ್ಯಾನು ತಿರುಗುತ್ತಿತ್ತು, ಮಿಕ್ಸಿ ಮೊರೆಯುತ್ತಿತ್ತು. ನಾನು ಮಹಡಿಯ ಮೇಲೆ ಕರಡು ತಿದ್ದುತ್ತ ಕಾವಲು ಕೂರುತ್ತಿದ್ದೆ. ಮಾವನ ಬೋಳುತಲೆ ತಿರುವಿನಲ್ಲಿ ಮಿಂಚಿದ ಕೂಡಲೇ ಕೆಮ್ಮುತ್ತಿದ್ದೆ. ಅವರು ಒಳಗೆ ಬರುವಷ್ಟರಲ್ಲಿ ಅತ್ತೆ ಬೀಸಣಿಗೆ ಹಿಡಿದು, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಉಸ್ಸಪ್ಪಾ ಎನ್ನುತ್ತಿದ್ದರು. ಅತ್ತೆಗೆ ಅಷ್ಟು ನಟನೆ ಬರುತ್ತದೆಂದು ನನಗೆ ಆವರೆಗೆ ಗೊತ್ತಿರಲಿಲ್ಲ.

"ಪರವಾಗಿಲ್ಲ, ಪಳಗ್ತಾ ಇದೀರ" ಎಂದು ಮಾವ ಬೆನ್ನು ತಟ್ಟುತ್ತಿದ್ದರು.

ಶುಕ್ರವಾರ ಬಂತು. ಹತ್ತು ಗಂಟೆಗೆ ಸರಿಯಾಗಿ ಫ್ಯೂಸು ಕಿತ್ತು ಜೇಬಿಗಿಳಿಸಿದ ಮಾವ ಚಪ್ಪಲಿ ಹಾಕಿಕೊಳ್ಳಲಿಲ್ಲ. ಕುರ್ಚಿ ಎಳೆದು ಫ್ರೀಜರಿನ ಎದುರಿಗೇ ಹಾಕಿಕೊಂಡು ಕೂತರು.

"ಸುತ್ತಾಡೋಕೆ ಹೋಗಲ್ವಾ?" ಎಂದರು ಅತ್ತೆ.

"ಇವತ್ತು ಕಾಲು ನೋವು." ಮಾವ ಬಲಗೈ ಚಾಚಿದರು. "ಆ ಇನ್ನೊಂದು ಫ್ಯೂಸೂ ಕೊಟ್ಬಿಡು."

ಮಾವ ದಿನಾ ಹೋಗುವಾಗ ಮೀಟರಿನ ಅಂಕಿ ನೋಡಿಕೊಂಡು ಹೋಗಿ, ಬಂದ ಮೇಲೆ ಮತ್ತೆ ನೋಡುತ್ತಿದ್ದರಂತೆ. ಮೂವತ್ನಾಲ್ಕು ವರ್ಷ ಮೀಟರಿನ ಮುಳ್ಳು ನೋಡಿಕೊಂಡೇ ಬದುಕಿದವರಿಗೆ ಟೋಪಿ ಹಾಕಲು ಹೋಗಿದ್ದೆವು ನಾವು. ಅತ್ತೆ ಮಸಾಲೆ ಡಬ್ಬಿಯೊಳಗಿಂದ ಫ್ಯೂಸು ತೆಗೆದು, ಅರಿಶಿನ ಒರೆಸಿ ಕೊಟ್ಟರು. ಈಗ ಮಾವನ ಎರಡೂ ಜೇಬು ಜೋತುಬಿದ್ದವು.

ಆಗ ನಮಗೆ ನಿಜವಾಗಿ ದಿಗಿಲಾಯಿತು. ಇಷ್ಟು ದಿನ ಕಳ್ಳತನದಲ್ಲಿ ಕಾಲ ಕಳೆದದ್ದರಿಂದ ಆ ಫ್ರೀಜರು ಎಷ್ಟು ಹೊತ್ತು ತಡೆಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಮುಚ್ಚಳದ ಸುತ್ತಲಿನ ರಬ್ಬರು ಬೇರೆ ಹಳತಾಗಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅತ್ತೆ ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ತಂದು ಅದರ ಮೇಲೆ ಹೊದಿಸಿದರು. ಸುಮ್ಮನೆ ಮುಚ್ಚಿಟ್ಟಿದ್ದರೆ ಹೇಗೋ ದಾಟುತ್ತಿತ್ತೇನೋ. ಆದರೆ ಹನ್ನೊಂದಕ್ಕೆ ಮೀನಿನವಳು ಬಂದಳು.

"ಐಸಮ್ಮ ಇದಾರಾ?" ಎಂದು ಬಾಗಿಲು ತೆಗೆದ ಮಾವನನ್ನೇ ಕೇಳಿದಳು.

"ಇವತ್ತು ಕೊಡ್ಬೇಡಿ ಅತ್ತೆ" ಎಂದು ನಾನು ಪಿಸುಗುಟ್ಟಿದೆ. "ಮುಚ್ಚಳ ತೆಗೆದಷ್ಟೂ ತಂಪು ಹೋಗುತ್ತೆ."

"ಅವ್ಳ ಮೀನು ಕೊಳೆತು ಹೋಗಲ್ವೇನೆ?"

ಹನ್ನೊಂದು ವರ್ಷದಲ್ಲಿ ಬಂದವರಿಗೆ ಇಲ್ಲ ಎಂದವರಲ್ಲ ಅವರು. ಮೀನಿನವಳಾದ ಮೇಲೆ ಹಣ್ಣಿನ ರಸದವನು, ಅವನಾದ ಮೇಲೆ ಮೆಟ್ಟಿಲಲ್ಲಿ ಜಾರಿದ ಟೀಚರು, ಊಟದ ಬಿಡುವಿನಲ್ಲಿ ಶಾಲೆಯ ಮಕ್ಕಳು. ಪ್ರತಿಸಲವೂ ಮಾವ ಎದ್ದು ಬಾಗಿಲು ತೆಗೆದರು, ಪ್ರತಿಸಲವೂ ಐಸಮ್ಮ ಇದ್ದಾರಾ ಎಂಬ ಪ್ರಶ್ನೆ, ಪ್ರತಿಸಲವೂ ಅತ್ತೆ ಹೊದಿಕೆ ಸರಿಸಿ ಮುಚ್ಚಳ ಎತ್ತಿದರು. ನಾನು ಎಣಿಸುತ್ತ ಹೋದೆ. ಮೂರು ಗಂಟೆಯ ಹೊತ್ತಿಗೆ ಒಂಬತ್ತು ಸಲ ಆಗಿತ್ತು. ನನಗೆ ಅಳು ಬರುವಂತಾಯಿತು. ಮಾವನ ಮೇಲೆ ಸಿಟ್ಟೂ ಬಂತು, ಆದರೆ ಅವರ ಮುಖ ಗೆಲ್ಲುವವರ ಮುಖದಂತೆ ಇರಲಿಲ್ಲ. ಸಲಸಲಕ್ಕೂ ಇನ್ನಷ್ಟು ಸಣ್ಣದಾಗುತ್ತಿತ್ತು.

ಮೂರೂಕಾಲು ಗಂಟೆಗೆ ಮತ್ತೆ ಬಾಗಿಲು ಬಡಿದ ಸದ್ದು. ಈ ಸಲ ಬಂದವನು ಹೆಗಲ ಮೇಲೆ ಏಣಿ ಹೊತ್ತ ಲೈನ್‌ಮ್ಯಾನ್. ಮಾವನ ಕೈಕೆಳಗೇ ಕೆಲಸ ಕಲಿತವನು.

"ಸಾರ್, ನಿಮ್ಮನೇಲಿ ಬೆಳಿಗ್ಗೆಯಿಂದ ಕರೆಂಟಿಲ್ಲ ಅಂತ ಎದುರುಮನೆ ದರ್ಜಿ ಕಂಪ್ಲೇಂಟ್ ಕೊಟ್ರು. ನಮ್ ಆಫೀಸರ್ ಹೌಹಾರಿಬಿಟ್ರು ಸಾರ್. ಈ ಬೀದೀಲಿ ಕರೆಂಟ್ ಹೋಯ್ತು ಅಂದ್ರೆ ಆಸ್ಪತ್ರೇಲೂ ಹೋಯ್ತು ಅಂತ ತಾನೇ?"

"ಆಸ್ಪತ್ರೆಗೂ ನಮಗೂ ಏನಪ್ಪಾ ಸಂಬಂಧ?" ಎಂದೆ ನಾನು.

"ಇದು ಆಸ್ಪತ್ರೆ ಲೈನ್ ಅಲ್ವಾ ಅಕ್ಕಾ? ಸಾರೇ ತಾನೇ ಡ್ಯೂಟೀಲಿದ್ದಾಗ ಈ ಬೀದೀನ ಆ ಲೈನಿಗೆ ಸೇರ್ಸಿದ್ದು. ನಾಳಿದ್ದಿನಿಂದ ಊರಿಗೆಲ್ಲಾ ಆರು ಗಂಟೆ ತೆಗೀತಾರಂತೆ. ಈ ಬೀದಿ ಒಂದು ನಿಮಿಷಾನೂ ತೆಗೆಯಂಗಿಲ್ಲ."

ನಾವೆಲ್ಲ ಮಾವನ ಕಡೆ ತಿರುಗಿದೆವು. ಮಾವ ತಮ್ಮ ಮೊಣಕಾಲು ನೋಡಿಕೊಳ್ಳುತ್ತಿದ್ದರು. ನನ್ನ ತಲೆಯಲ್ಲಿ ಹದಿನೈದು ದಿನದ ಬೆವರು, ನೀರಿನ ಡ್ರಮ್ಮು, ಗಂಡನ ಸುಟ್ಟ ಬೆನ್ನು ಎಲ್ಲ ಒಟ್ಟಿಗೆ ಬಂದು ನಿಂತವು. ಬಾಯಿ ತೆರೆದೆ. ಅತ್ತೆ ಕೈಯೆತ್ತಿ ತಡೆದರು.

"ಗೊತ್ತಿತ್ತಾ ನಿಮಗೆ?"

"ಹ್ಞೂಂ."

ಲೈನ್‌ಮ್ಯಾನ್ ಪರಿಸ್ಥಿತಿ ಅರ್ಥವಾಗದೆ ಮೀಟರ್ ಬೋರ್ಡಿನ ಕಡೆ ಹೆಜ್ಜೆ ಹಾಕಿದ. "ಫ್ಯೂಸ್ ಹಾಕ್ಬಿಡ್ಲಾ ಸಾರ್?"

"ಯಾರೂ ಏನೂ ಹಾಕಂಗಿಲ್ಲ" ಎಂದರು ಅತ್ತೆ. "ಇನ್ನೂ ನಲವತ್ತು ನಿಮಿಷ ಇದೆ. ಪಂದ್ಯ ಅಂದ್ರೆ ಪಂದ್ಯ. ನೀನೂ ಕೂತ್ಕೊಳಪ್ಪಾ." ಆಮೇಲೆ ಮಾವನ ಎದುರು ನೆಲದ ಮೇಲೆ ಕೂತರು. "ಈಗ ಹೇಳಿ. ನನ್ ಫ್ರೀಜರ್ ನಿಮಗೇನ್ ಮಾಡಿತ್ತು?"

ಮಾವ ಬೀಸಿಕೊಳ್ಳುತ್ತಿದ್ದ ಬೀಸಣಿಗೆಯಿಂದ ಬಾಗಿಲ ಕಡೆ ತೋರಿಸಿದರು.

"ಬಾಗಿಲು ತೆಗೆದ್ರೆ ಸಾಕು, ಐಸಮ್ಮ ಇದಾರಾ ಅಂತಾರೆ" ಎಂದರು. "ಸ್ನಾನಕ್ಕೆ ಹೋಗಿದಾಳೆ, ಬರ್ತಾಳೆ, ಕೂತ್ಕೊಳ್ಳಿ. ಇಷ್ಟೇ ಆಗೋಯ್ತು ನನ್ ಕೆಲ್ಸ. ಮೂರು ವರ್ಷದಲ್ಲಿ ಒಬ್ರಾದ್ರೂ ನನ್ನ ಕೇಳ್ಕೊಂಡು ಬಂದಿದಾರಾ?"

"ನಾನ್ ಬಂದಿದೀನಲ್ಲ ಸಾರ್" ಎಂದ ಲೈನ್‌ಮ್ಯಾನ್.

"ನೀನು ಕಂಪ್ಲೇಂಟ್ ಮೇಲೆ ಬಂದಿದೀಯ."

ನನಗೆ ನಗು ಬಂತು. ನಗು ಬಂದದ್ದಕ್ಕೆ ಬೇಜಾರೂ ಆಯಿತು. ಕೈಯಲ್ಲಿದ್ದ ಕರಡಿನ ಹಾಳೆ ಮುಖಕ್ಕೆ ಅಡ್ಡ ಹಿಡಿದೆ. ಅತ್ತೆ ನಗಲಿಲ್ಲ. ಗಂಡನನ್ನೇ ನೋಡುತ್ತ, ಜಗಳದ ದನಿಯೇ ಇಲ್ಲದೆ ಹೇಳಿದರು.

"ಮೂವತ್ನಾಲ್ಕು ವರ್ಷ ಬಾಗಿಲು ತೆಗೆದವಳು ನಾನು. ಬಂದವರೆಲ್ಲ ಸಾಹೇಬ್ರು ಇದಾರಾ ಅಂತಿದ್ರು. ಡ್ಯೂಟಿಗೆ ಹೋಗಿದಾರೆ, ಮಲಗಿದಾರೆ, ಕೂತ್ಕೊಳ್ಳಿ, ನೀರು ಕುಡೀರಿ. ನಾನು ಯಾವತ್ತಾದ್ರೂ ನಿಮ್ ಸಬ್‌ಸ್ಟೇಷನ್ ಮಾರೋಕೆ ಹೋಗಿದ್ನಾ?"

ಬೀದಿಯಲ್ಲಿ ದರ್ಜಿಯ ಹೊಲಿಗೆ ಮೆಷಿನ್ನು ಓಡುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಮಾವನ ಕೈಯಲ್ಲಿದ್ದ ಬೀಸಣಿಗೆ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಅದು ಮತ್ತೆ ಅಲ್ಲಾಡತೊಡಗಿತು. ಆದರೆ ಗಾಳಿ ಈಗ ಅತ್ತೆಯ ಕಡೆಗೆ ಬೀಸುತ್ತಿತ್ತು. ಅತ್ತೆ ಬೇಡ ಎನ್ನಲಿಲ್ಲ.

ನಾಲ್ಕಕ್ಕೆ ಹಳೇ ಸಾಮಾನಿನ ಅಂಗಡಿಯವನು ತಳ್ಳುಗಾಡಿ ಸಮೇತ ಬಂದು ನಿಂತ. ಮಾವ ಎದ್ದರು.

"ಮೊದ್ಲು ಮುಚ್ಚಳ ತೆಗೆದು ನೋಡ್ರಿ" ಎಂದರು ಅತ್ತೆ. ದನಿ ಗಟ್ಟಿಯಾಗಿಯೇ ಇತ್ತು, ಆದರೆ ಬೆರಳುಗಳು ಸೆರಗಿನ ಅಂಚನ್ನು ಹಿಸುಕುತ್ತಿದ್ದವು.

"ನೋಡೋದೇನೂ ಬೇಡ. ನಿನ್ ಐಸು ನಿಂತಿರುತ್ತೆ. ನನಗ್ ಗೊತ್ತು." ಮಾವ ಜೇಬಿನಿಂದ ಎರಡೂ ಫ್ಯೂಸು ತೆಗೆದು ಅತ್ತೆಯ ಕೈಗಿಟ್ಟು ಬಾಗಿಲಿಗೆ ಹೋದರು. "ಫ್ರೀಜರು ಮಾರೋಕಿಲ್ಲಪ್ಪಾ. ಸುಮ್ನೆ ನಡೆಸ್ಬಿಟ್ಟೆ ನಿನ್ನ. ಬಾ, ತಿರುವಿನವರೆಗೂ ಗಾಡಿ ತಳ್ಳಿಕೊಡ್ತೀನಿ."

ಅವರು ಅತ್ತ ಹೋದರು. ಇತ್ತ ಅತ್ತೆ, ನಾನು, ಲೈನ್‌ಮ್ಯಾನ್ ಮೂವರೂ ಸೇರಿ ಹೊದಿಕೆ ಸರಿಸಿ ಮುಚ್ಚಳ ಎತ್ತಿದೆವು.

ಒಳಗೆ ಕಿತ್ತಳೆ ಬಣ್ಣದ ಕೆರೆ. ಮೇಲಿನ ಎರಡು ಸಾಲು ಐಸ್‌ಕಡ್ಡಿ ಪೂರ್ತಿ ಕರಗಿ, ಕಡ್ಡಿಗಳು ಮಾತ್ರ ತೇಲುತ್ತಿದ್ದವು. ಗಟ್ಟಿ ಐಸು ಕೂಡ ಅಂಚು ಸವೆದು ಬಚ್ಚಲಿನ ಸೋಪಿನಂತಾಗಿತ್ತು. ಅತ್ತೆ ಒಂದು ಗಳಿಗೆ ನೋಡಿದರು. ಮುಚ್ಚಳ ಹಾಕಿದರು.

"ಬೇಗ ಫ್ಯೂಸ್ ಹಾಕಪ್ಪಾ. ನೀನೇನ್ ನೋಡ್ದೆ?"

"ನಾನೇನೂ ನೋಡ್ಲಿಲ್ಲಮ್ಮಾ."

"ನೀನು?"

"ನಾನು ಕರಡು ತಿದ್ತಾ ಇದ್ದೆ ಅತ್ತೆ."

ಫ್ರೀಜರು ಗುರ್ರೆಂದು ಶುರುವಾಯಿತು. ಮಾವ ಹಣೆ ಒರೆಸಿಕೊಳ್ಳುತ್ತ ವಾಪಸ್ಸು ಬಂದಾಗ ಅತ್ತೆ ಮುಚ್ಚಳದ ಮೇಲೆ ಮೊಣಕೈ ಊರಿ ನಿಂತಿದ್ದರು.

"ಹೆಂಗಿತ್ತು?"

"ಕಲ್ಲು" ಎಂದರು ಅತ್ತೆ. "ಒಂದು ಹನೀನೂ ಕರಗಿಲ್ಲ."

ಮಾವ ಎದೆ ಉಬ್ಬಿಸಿ, ಮೊದಲು ಲೈನ್‌ಮ್ಯಾನ್ ಕಡೆ, ಆಮೇಲೆ ನನ್ನ ಕಡೆ ನೋಡಿದರು.

"ನಾನ್ ಹೇಳ್ಲಿಲ್ವಾ?"