ಪಾಸ್ಟರರ ಮೂತ್ರಕೋಶ

ಪಾಸ್ಟರ್ ಎಲೆಕಾನಾ ಅವರ ಪ್ರಸಂಗ ಕಾಲು ಗಂಟೆ ಮೀರುತ್ತಿರಲಿಲ್ಲ. ಸವಾಯಿ ದ್ವೀಪದ ಆ ಕರಾವಳಿಯಲ್ಲೆಲ್ಲ ಅವರಿಗೆ ಅದರಿಂದಲೇ ಹೆಸರು. ಪಕ್ಕದೂರಿನವರು ಇನ್ನೂ ನರಕದ ವರ್ಣನೆ ಕೇಳುತ್ತ ಕೂತಿರುವಾಗ ಇವರ ಊರಿನವರು ಚರ್ಚಿಗೆ ಬರುವ ಮೊದಲೇ ಹೂಡಿಟ್ಟ ಉಮು ಒಲೆಯ ಬಿಸಿಗಲ್ಲು ಸರಿಸಿ ಹಂದಿಮಾಂಸ ಬಡಿಸಿಕೊಳ್ಳುತ್ತಿದ್ದರು. ಇದು ದೇವರ ಕೃಪೆಯಲ್ಲ, ಮೂತ್ರಕೋಶದ ಕೃಪೆ ಎಂಬುದು ಹೆಂಡತಿ ಫುವಾತಿನೋಗೆ ಮಾತ್ರ ಗೊತ್ತಿತ್ತು. ಆಮೆನ್ ಎಂದವರೇ ಹಿಂಬಾಗಿಲಿಂದ ಓಡುತ್ತಿದ್ದರು. ಒಮ್ಮೊಮ್ಮೆ ಆಮೆನ್‌ಗೂ ಮೊದಲೇ.

ಒಮ್ಮೆ ದೀಕ್ಷಾಸ್ನಾನದ ನಡುವೆ ಅವರು ಸೊಂಟಕ್ಕೆ ಸುತ್ತಿಕೊಂಡಿದ್ದ ಲಾವಾಲಾವಾ ಒದ್ದೆಯಾಯಿತು. ಎತ್ತಿಕೊಂಡಿದ್ದ ಮಗುವಿನ ಮೇಲೆ ತಪ್ಪು ಹೊರಿಸಿ ಪಾರಾದರು. ಮರುದಿನವೇ ಫುವಾತಿನೋ ಅವರನ್ನು ನರ್ಸ್ ಲೇಯಿತು ಬಳಿಗೆ ಎಳೆದೊಯ್ದಳು.

"ಮೂತ್ರಕೋಶಕ್ಕೆ 'ಹಿಂಡು' ಅಂತ ಸುದ್ದಿ ಮುಟ್ಟಿಸೋದು ಅಸಿಟೈಲ್‌ಕೋಲೀನ್ ಅನ್ನೋ ದೂತ. ಡಾಕ್ಟರು ಬರೆದಿರೋ ಈ ಮಾತ್ರೆ ಅವನನ್ನ ಬಾಗಿಲಲ್ಲೇ ತಡೆಯುತ್ತೆ," ಎಂದಳು ಲೇಯಿತು.

"ಬೈಬಲ್ಲಲ್ಲಿ ಅಂಥ ದೂತ ಯಾರೂ ಇಲ್ವಲ್ಲಮ್ಮ!"

"ನಿಮ್ಮ ಹೊಟ್ಟೇಲಿದಾನೆ, ಸುಮ್ನಿರಿ ಪಾಸ್ಟರೇ. ಬಾಯಲ್ಲಿ ನೀರೂರಿಸೋನೂ ಅವನೇ. ಅದಕ್ಕೇ ಮಾತ್ರೆ ತಗೊಂಡ್ರೆ ಬಾಯಿ ಒಣಗುತ್ತೆ. ಕಣ್ಣು ಮಂಜಾದ್ರೆ, ಮಲ ಕಟ್ಟಿಕೊಂಡ್ರೆ ಬಂದು ಹೇಳಿ."

ಮಾತ್ರೆ ಕೆಲಸ ಮಾಡಿತು. ಎಲೆಕಾನಾ ಕಾಲು ಬಿಗಿಹಿಡಿಯದೆ ನೆಟ್ಟಗೆ ನಿಂತರು. ಪಕ್ಕದಲ್ಲಿ ನೀರಿನ ಲೋಟ ಇಟ್ಟುಕೊಂಡು, ಗುಟುಕು ಗುಟುಕಾಗಿ ಕುಡಿಯುತ್ತ, ನೋಹನ ಹಡಗಿನಿಂದ ಪ್ರಾಣಿಗಳನ್ನು ಒಂದೊಂದಾಗಿ ಇಳಿಸಿದರು. ಹಲ್ಲಿಯನ್ನೂ ಬಿಡಲಿಲ್ಲ.

ಸಭೆಯ ಹಿರಿಯ ಪೌಓನೋ ಮನೆಗೇ ಬಂದ. "ಅಮ್ಮಾ, ಅವರ ಆನೆ ಇಳಿಯೋದ್ರಲ್ಲಿ ನಮ್ಮ ಹಂದಿ ಇದ್ದಿಲಾಯ್ತು. ಅದೇನೋ ಮಾತ್ರೆಯಂತಲ್ಲ, ಸಮುದ್ರಕ್ಕೆ ಎಸೀರಿ."

"ಎಸೀತೀನಿ. ಅವರ ಬಟ್ಟೆ ಒಗೆಯೋಕೆ ನೀವು ಬರ್ತೀರಾ?"

ಪೌಓನೋ ಬಂದ ದಾರಿಯಲ್ಲೇ ಸರಸರನೆ ಹೊರಟುಹೋದ. ಆದರೆ ಫುವಾತಿನೋಳ ಹಂದಿಯೂ ಸೀದಿತ್ತು. ಹಾಗಂತ, ಎಷ್ಟೋ ವರ್ಷಗಳ ಮೇಲೆ ಭಯವಿಲ್ಲದೆ ಜನರ ಮುಂದೆ ನಿಂತ ಗಂಡನ ಮಾತ್ರೆ ಕಸಿದುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಮುಂದಿನ ಭಾನುವಾರ ಅವಳು ನೀರಿನ ಲೋಟ ಇಡಲಿಲ್ಲ, ಅಷ್ಟೇ.

ಅಂದು ದಾವೀದನ ಕಥೆ. ಅವನು ಹೊಳೆಯಲ್ಲಿ ಕಲ್ಲು ಆರಿಸುವಷ್ಟರಲ್ಲೇ ಪಾಸ್ಟರರ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಲೋಟಕ್ಕೆ ತಡಕಾಡಿದರು. ಹೆಂಡತಿಯತ್ತ ನೋಡಿದರು. ಅವಳು ಛಾವಣಿ ನೋಡುತ್ತಿದ್ದಳು.

"ಗೊಲಿಯಾತ... ಸತ್ತ. ಆಮೆನ್."

ಜನ ಎದ್ದ ರಭಸಕ್ಕೆ ಒಂದು ಬೆಂಚು ಮಗುಚಿತು.

ಮನೆಗೆ ಬಂದೊಡನೆ ಎಲೆಕಾನಾ ಕೇಳಿದರು: "ನೀರೆಲ್ಲಿತ್ತೇ?"

"ಮರೆತೇಹೋಯ್ತು ಕಣ್ರೀ."

"ಮುಂದಿನ ವಾರ?"

"ಆವತ್ತೂ ಮರೆಯೋ ಹಾಗೇ ಕಾಣುತ್ತೆ."

ಅವರ ಮುಖ ಚಿಕ್ಕದಾಯಿತು. "ಅಷ್ಟೊಂದು ಎಳೀತಿದ್ನಾ?"

"ಬೇಗ ಸಾಯಿಸಿ ಅಂತ ಗೊಲಿಯಾತನೇ ಕೈ ಮುಗೀತಿದ್ದ."

ಎಲೆಕಾನಾಗೆ ನಗು ತಡೆಯಲಾಗಲಿಲ್ಲ. ಒಣಗಂಟಲಲ್ಲಿ ನಕ್ಕು ಕೆಮ್ಮು ಹತ್ತಿತು. ಫುವಾತಿನೋ ಎಳನೀರು ಕೊಚ್ಚಿ ತಂದಳು. ಒಂದೇ ಉಸಿರಿಗೆ ಕುಡಿದು ಇನ್ನೊಂದು ಕೇಳಿದರು. ಮಾತ್ರೆಗೆ ಮೊದಲು ಅನ್ನುತ್ತಿದ್ದಂತೆ ಅವಳು ಸಾಕೆನ್ನಲಿಲ್ಲ. ಅದನ್ನೂ ಕೊಚ್ಚಿ ಕೊಟ್ಟು, ಹದವಾಗಿ ಬೆಂದ ಹಂದಿಯ ಕಡೆಗೆ ತಿರುಗಿದಳು.