ಅಲ್ಲಾಡದೆ ಅರ್ಧ ನಿಮಿಷ

ಮಗಳು ಮೊದಲು ರಬ್ಬರ್ ಬ್ಯಾಂಡ್ ಸುತ್ತಿ ತಿರುಗಿಸಿದಳು. ಆಮೇಲೆ ಒದ್ದೆ ಬಟ್ಟೆ ಹಿಡಿದು. ಕೊನೆಗೆ ಹಲ್ಲು ಕಚ್ಚಿ ಬರಿಗೈಯಲ್ಲೇ. ಅಪ್ಪನ ಕ್ಯಾಮೆರಾದ ಲೆನ್ಸಿಗೆ ಕಚ್ಚಿಕೊಂಡಿದ್ದ ಕಪ್ಪು ಫಿಲ್ಟರ್ ಜಪ್ಪಯ್ಯ ಅಂದರೂ ಕದಲಲಿಲ್ಲ.

"ಇಲ್ಲಿ ಕೊಡು," ಎಂದು ಚಿಕ್ಕಪ್ಪ ಕಿತ್ತುಕೊಂಡ. ಅವನಿಂದಲೂ ಆಗಲಿಲ್ಲ. "ಹಾಳಾದ್ದು! ಫೋನಲ್ಲಿ ತೆಗೆದ್ರೆ ಏನು ಗಂಟು ಹೋಗುತ್ತೆ? ಗಾಡಿಯವನು ಆಗ್ಲೇ ಹಾರ್ನ್ ಹೊಡೀತಿದಾನೆ."

"ಅವರ ಕ್ಯಾಮೆರಾದಲ್ಲೇ ತೆಗೀಬೇಕು," ಅಂಗಳದ ಮರದ ಕೆಳಗೆ ಮಲಗಿಸಿದ್ದ ಗಂಡನ ಹೆಣದ ಬಳಿ ಕೂತಿದ್ದ ಅಮ್ಮ ಹೇಳಿದಳು. "ನಾವಿಬ್ರೂ ಸರಿಯಾಗಿ ಬಂದಿರೋ ಒಂದು ಪಟಾನೂ ನನ್ನ ಹತ್ರ ಇಲ್ಲ. ಇವತ್ತು ಬಿಟ್ರೆ ಇನ್ಯಾವತ್ತು?"

ಫೋಟೊದವನ ಹೆಂಡತಿ ಹೀಗಂದರೆ ಯಾರಿಗಾದರೂ ನಗು ಬರಬೇಕು. ಅಪ್ಪನ ತಂಗಿಯಾದ ಅತ್ತೆ ಅತ್ತುಬಿಟ್ಟಳು. ಮಗಳಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಹೋದವರ ಮೇಲೆ ಸಿಟ್ಟಾಗಬಾರದು ಅನ್ನುತ್ತಾರೆ, ಅನ್ನುವವರಿಗೇನು.

*

ಅಪ್ಪ ವಾರವೆಲ್ಲ ಸ್ಟುಡಿಯೊದಲ್ಲಿ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ತೆಗೆದು, ರಜೆಯ ದಿನ ಕಣ್ಣಿಗೆ ಕಾಣದ ಬೆಳಕಿನ ಬೆನ್ನು ಹತ್ತುತ್ತಿದ್ದ. ಇನ್‌ಫ್ರಾರೆಡ್ ಎಂಬ ಆ ಬೆಳಕನ್ನಷ್ಟೇ ಒಳಗೆ ಬಿಡುವ ಫಿಲ್ಟರ್ ಬಾಣಲೆಯ ತಳದಷ್ಟು ಕಪ್ಪು. ಕ್ಯಾಮೆರಾಕ್ಕೂ ಆ ಬೆಳಕು ಅಷ್ಟಾಗಿ ಒಗ್ಗುವುದಿಲ್ಲ. ಹಾಗಾಗಿ ಉರಿಬಿಸಿಲಲ್ಲೂ ಶಟರನ್ನು ಅರ್ಧ ನಿಮಿಷ ತೆರೆದಿಡಬೇಕು. ಪಟದಲ್ಲಿ ಆಕಾಶ ಕಪ್ಪು, ಎಲೆಗಳು ಬಿಡಿಸಿದ ಹತ್ತಿಯಂತೆ ಬಿಳಿ.

"ಅಲ್ಲಾಡ್ಬೇಡ!" ಎಂದು ಟೈಮರ್ ಇಟ್ಟು ಅಪ್ಪ ಅಮ್ಮನ ಪಕ್ಕಕ್ಕೆ ಓಡುತ್ತಿದ್ದ. ನಿಂತರೆ ತಾನೆ? ಮೋಡ ಬಂದರೆ ಬೆಳಕು ಸಾಲದು, ಸರಿದರೆ ಹೆಚ್ಚಾಯಿತು ಎಂಬ ಅನುಮಾನಕ್ಕೆ ಅರ್ಧದಲ್ಲೇ ಕ್ಯಾಮೆರಾ ಕಡೆಗೆ ವಾಪಸು. ಪಟದಲ್ಲಿ ಅಮ್ಮ ಗೊಂಬೆಯಂತೆ ನಿಂತಿರುತ್ತಿದ್ದಳು; ಅಪ್ಪನ ಎದೆಯ ಮೂಲಕ ಹಿಂದಿನ ಮರ ಕಾಣುತ್ತಿತ್ತು.

"ಊರಿಗೆಲ್ಲ ಅಲ್ಲಾಡ್ಬೇಡಿ ಅಂತೀರಿ, ನಿಮಗೊಂದು ಗಳಿಗೆ ನಿಲ್ಲೋಕಾಗಲ್ಲ. ನಾನೇನು ಹೊಗೇನ ಮದುವೆಯಾಗಿದೀನಾ?"

"ಮುಂದಿನ್ಸಲ ನೋಡು," ಅನ್ನುತ್ತಿದ್ದ ಅಪ್ಪ.

*

"ಫಿಲ್ಟರ್ ಬರಲ್ಲ ಅಂದ್ರೆ ಇರ್ಲಿ ಬಿಡು," ಅಂದಳು ಅಮ್ಮ. "ಬಿಸಿಲಂತೂ ಇದೆ."

ಮಗಳು ಸ್ಟ್ಯಾಂಡ್ ನಿಲ್ಲಿಸಿದಳು. ಫಿಲ್ಟರ್ ಹಾಕುವ ಮುಂಚೆ ಫೋಕಸ್ ಮಾಡಬೇಕಿತ್ತು. ಈಗ ಕ್ಯಾಮೆರಾದ ತೆರೆಯ ಮೇಲೆ ಬರೀ ಕೆಂಪು ಮಬ್ಬು. ದೂರವನ್ನು ಅಂದಾಜಿನಲ್ಲಿ ಇಟ್ಟು, ತಪ್ಪಿದರೂ ಮುಚ್ಚಿಹೋಗಲೆಂದು ಲೆನ್ಸಿನ ಕಿಂಡಿ ಕಿರಿದು ಮಾಡಿದಳು.

"ಅರ್ಧ ನಿಮಿಷ ಯಾರೂ ಅಲ್ಲಾಡ್ಬೇಡಿ."

"ಉಸಿರಾಡ್ಬಹುದಾ?" ಅಂದ ಚಿಕ್ಕಪ್ಪ.

ಅವಳು ಗುಂಡಿ ಒತ್ತಿದಳು. ಹಾರ್ನ್ ಕೇಳಿತು. ಚಿಕ್ಕಪ್ಪ ತಿರುಗಿ, "ಬಂದ್ವಪ್ಪಾ, ಇರು!" ಎಂದು ಕೈಬೀಸಿದ.

"ನನಗ್ಯಾಕೆ ಅಡ್ಡ ನಿಲ್ತೀಯ?" ಅತ್ತೆ ಅವನನ್ನು ತಳ್ಳಿದಳು. "ಅಣ್ಣನ ಹತ್ರ ನಾನು ನಿಲ್ಬೇಕು."

"ಅಯ್ಯೋ, ಅಲ್ಲಾಡ್ಬೇಡಿ ಅಂದ್ನಲ್ಲ!"

ಶಟರ್ ಮುಚ್ಚಿತು. ಇನ್ನೊಂದು ತೆಗೆಯೋಣವೆಂದರೆ ಗಾಡಿಯವರು ಒಳಗೆ ಬಂದು ಅಪ್ಪನನ್ನು ಎತ್ತಿಯೇ ಬಿಟ್ಟರು. ಮಗಳಿಗೆ ಅಳು ಒತ್ತರಿಸಿ ಬಂತು. "ಹಾಳ್ಮಾಡಿದ್ರಿ. ಇದ್ದಿದ್ದೇ ಒಂದು ಪಟ, ಅದನ್ನೂ ಹಾಳ್ಮಾಡಿದ್ರಿ!"

ಅಮ್ಮ ಕ್ಯಾಮೆರಾ ಇಸಿದುಕೊಂಡು ತೆರೆಗೆ ಕೈ ಮರೆ ಮಾಡಿ ನೋಡಿದಳು. ಬೆಳ್ಳಗಾದ ಮರದ ಕೆಳಗೆ ಚಿಕ್ಕಪ್ಪ ಇರಲಿಲ್ಲ, ಒಂದಿಷ್ಟು ಮಸಕಿತ್ತು. ಅತ್ತೆಯೂ ಇರಲಿಲ್ಲ. ಅಪ್ಪ ಇದ್ದ, ಹುಬ್ಬಿನ ಕೂದಲು ಕಾಣುವಷ್ಟು ಸ್ಪಷ್ಟವಾಗಿ. ಅವನ ಭುಜದ ಮೇಲೆ ಕೈಯಿಟ್ಟು, ಕ್ಯಾಮೆರಾವನ್ನೇ ನೋಡುತ್ತ, ಅಮ್ಮ.