ಮಹಿ ಕೊರಕಲಿನ ಡಬ್ಬಿ

ಶ್ರೀಪಾದರಾಯರು ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಮೊಣಕಾಲಿನ ಆಪರೇಷನ್ ಆದಾಗಲೂ ಹಾಗೆ ಮಲಗದ ಮನುಷ್ಯ, ಮೊಬೈಲಿನಲ್ಲಿ ಏನೋ ಓದಿ ಗೋಡೆಗೆ ತಿರುಗಿದವರು ಊಟಕ್ಕೂ ಏಳಲಿಲ್ಲ. ಹೆಂಡತಿ ನಾಗವೇಣಿ ಆ ಮೊಬೈಲ್ ಎತ್ತಿಕೊಂಡು ತಾನೂ ಓದಿದಳು.

ಚಾಂದ್‌ಖೇಡಾದ ತೈಲ ಕಂಪನಿಯಲ್ಲಿ ಸರ್ವೆ ಕೆಲಸ ಮಾಡಿ, ನಿವೃತ್ತರಾಗಿ ಅಲ್ಲೇ ಉಳಿದ ರಾಯರಿಗೆ ಜಿಯೋಕ್ಯಾಷಿಂಗ್ ಎಂಬ ಹುಚ್ಚು. ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ವೆಬ್‌ಸೈಟಿಗೆ ಹಾಕುವುದು; ಊರೂರಿನ ಹುಚ್ಚರು ಹುಡುಕಿಕೊಂಡು ಹೋಗಿ, ಒಳಗಿನ ಕಾಗದಕ್ಕೆ ಸಹಿ ಹಾಕಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುವುದು. ವಡೋದರಾದ ಹತ್ತಿರ, ಮಹಿ ನದಿಯ ಕೊರಕಲುಗಳಲ್ಲಿ ರಾಯರು ಒಂದನ್ನು ಇಟ್ಟು ಬಹಳ ವರ್ಷವಾಗಿತ್ತು. ಈಚೆಗೆ ಹೋದವರೆಲ್ಲ ಸಿಗಲಿಲ್ಲ ಎಂದು ಬರೆದಿದ್ದರು. ಭಾನುವಾರದೊಳಗೆ ಡಬ್ಬಿ ಇದೆಯೆಂದು ನೋಡಿ ತಿಳಿಸದಿದ್ದರೆ ಅದನ್ನು ಆಟದಿಂದ ತೆಗೆದುಹಾಕುತ್ತೇವೆ ಎಂದು ಸೈಟಿನವರು ತಾಕೀತು ಮಾಡಿದ್ದರು.

ನಾಗವೇಣಿ ತಾನೇ ಹೋಗಿ ನೋಡಿಬರುತ್ತೇನೆ ಎಂದಳು. ರಾಯರು ಗಾಬರಿಯಿಂದ ಎದ್ದು ಕೂತರು.

“ಬ್ಯಾಡ, ಬಿಡು. ಹೋದ್ರ ಹೋಗ್ಲಿ. ಒಂದು ಡಬ್ಬಿ ಸಲುವಾಗಿ ಆ ಬಿಸಿಲಾಗ ನೀ ಯಾಕ ಅಲೀತಿ?”

ಈ ಆಟವನ್ನು ಇಷ್ಟು ವರ್ಷ ಗೇಲಿ ಮಾಡಿದವಳು ಅವಳೇ. ಆದರೆ ನೌಕರಿ ಮುಗಿದು, ಕಾಲೂ ಕೈಕೊಟ್ಟ ಗಂಡನಿಗೆ ಇದೂ ಇಲ್ಲದಂತಾಗುವುದನ್ನು ನೋಡಲು ಅವಳಿಂದ ಆಗಲಿಲ್ಲ. ಬೇಡವೆಂದಷ್ಟೂ ಅವಳ ಹಟ ಗಟ್ಟಿಯಾಯಿತು. ನಾಗವೇಣಿ ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಧಾರವಾಡದ ತವರಿನಲ್ಲೇ ಮಾತಿತ್ತು.

ಬುತ್ತಿಗೆ ಅವಲಕ್ಕಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿದಳು. ಅವ್ವ ಕೊಟ್ಟ ಒಳ್ಳೆಯ ಸ್ಟೀಲ್ ಡಬ್ಬಿ ಬಹಳ ವರ್ಷಗಳ ಹಿಂದೆಯೇ ಚಕ್ಕುಲಿ ಸಮೇತ ಸೂರತ್ತಿಗೆ, ಕತಾರ್‌ಗಾಮಿನಲ್ಲಿದ್ದ ನಾದಿನಿ, ರಾಯರ ತಂಗಿಯ ಮನೆಗೆ ಹೋದದ್ದು ತಿರುಗಿ ಬಂದಿರಲಿಲ್ಲ. ಅಣ್ಣನ ಕೈಯಲ್ಲೇ ಕಳಿಸಿದೆ ಎಂದು ಆಕೆ ಆಣೆ ಹಾಕಿದರೂ, ರಾಯರು ನೆನಪಿಲ್ಲ ಎಂದದ್ದರಿಂದ ನಾಗವೇಣಿ ನಂಬದೆ ಅಂದಿನಿಂದ ಮಾತು ಬಿಟ್ಟಿದ್ದಳು.

ಕೊರಕಲಿನ ಬಿಸಿಲಿಗೆ ಮೊಬೈಲ್ ಕಾದು ತಾನೇ ಬಂದ್ ಆಗುತ್ತದೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ರಾಯರು ಕೈಯಲ್ಲಿ ಹಿಡಿದು ತಿರುಗುವ ಜಿಪಿಎಸ್ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡಳು. ವಡೋದರಾದಲ್ಲಿ ಮಗಳು ಅರ್ಚಿತಾ ಜೊತೆಯಾದಳು. ಸೈಟಿನ ಅಂಕಿಗಳನ್ನು ನಾಗವೇಣಿ ಒಂದೊಂದಾಗಿ ಯಂತ್ರಕ್ಕೆ ಒತ್ತಿದಳು, ಬಾಣ ತೋರಿಸಿದ ಕೊರಕಲಿಗೆ ಇಳಿದಳು, ಇದ್ದಬದ್ದ ಜಾಲಿಯ ಬುಡವನ್ನೆಲ್ಲ ತಡಕಿದಳು. ಮುಳ್ಳು ಚುಚ್ಚಿದ್ದೇ ಬಂತು. ಪಪ್ಪ ಹೇಳಿದ್ದೇ ಸರಿ, ಡಬ್ಬಿ ಹೋಗಿದೆ ಎಂದಳು ಮಗಳು.

ಸಂಜೆ ಮಗಳ ಫ್ಲಾಟಿನಲ್ಲಿ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುವಾಗ ನಾಗವೇಣಿಗೆ ಗಂಡನ ಪದ್ಧತಿ ನೆನಪಾಯಿತು. ಅವರು ಅಂಕಿಯನ್ನು ಎಂದೂ ಕೈಯಿಂದ ಒತ್ತಿದವರಲ್ಲ. ಹೊರಡುವ ಮುಂಚೆ ವೈರು ಹಚ್ಚಿ, ಅಂಕಿಗಳಿರುವ ಸೈಟಿನ ಫೈಲನ್ನೇ ಯಂತ್ರಕ್ಕೆ ದಾಟಿಸುತ್ತಿದ್ದರು. ನಿಮ್ಮ ಯಂತ್ರಕ್ಕೂ ಮಡಿಯೇನು ಎಂದು ಅವಳು ಆಗ ನಕ್ಕಿದ್ದಳು.

ಅವೇ ನಂಬರ್ ಅಲ್ಲವೇ ಎಂದು ಅರ್ಚಿತಾ ಗೊಣಗಿದರೂ ಮೊಬೈಲಿಗೆ ವೈರು ಜೋಡಿಸುವ ಓಟಿಜಿ ಪಿನ್ ಹುಡುಕಿಕೊಟ್ಟಳು. ನಾಗವೇಣಿ ಸೈಟಿನಿಂದ ಫೈಲನ್ನು ಮೊಬೈಲಿಗೆ ಇಳಿಸಿ, ಪಿನ್ನಿಗೆ ಯಂತ್ರದ ವೈರು ಸಿಕ್ಕಿಸಿ ನಕಲು ಮಾಡಿದಳು. ಯಂತ್ರ ಏನನ್ನೂ ತೋರಿಸಲಿಲ್ಲ. ಮತ್ತೆ ಸಿಕ್ಕಿಸಿ ನೋಡಿದರೆ ಫೈಲು ಹೊರಗೇ ಬಿದ್ದಿತ್ತು; ರಾಯರ ಹಳೆಯ ಫೈಲುಗಳೆಲ್ಲ ಬೇರೊಂದು ಫೋಲ್ಡರಿನಲ್ಲಿದ್ದವು. ಇದನ್ನೂ ಅದರೊಳಗೆ ದಬ್ಬಿ, ವೈರು ಬಿಚ್ಚಿ, ಯಂತ್ರವನ್ನು ಮತ್ತೆ ಶುರು ಮಾಡಿದಳು.

ಈಗ ನಕ್ಷೆಯ ಮೇಲೆ ಎರಡು ಬಾವುಟ. ಕೈಯಿಂದ ಒತ್ತಿದ್ದು ಒಂದು ಕೊರಕಲಿನಲ್ಲಿ, ಫೈಲಿನದು ಪಕ್ಕದ ಕೊರಕಲಿನಲ್ಲಿ. ಎತ್ತು ಏರಿಗೆ, ಕೋಣ ನೀರಿಗೆ. ನಾಗವೇಣಿ ಸ್ವಲ್ಪ ಹೊತ್ತು ದಿಟ್ಟಿಸಿದಳು, ಆಮೇಲೆ ಹಣೆ ಚಚ್ಚಿಕೊಂಡಳು. ಮಲಗಿದಲ್ಲಿ ಹೊತ್ತು ಹೋಗದೆ ರಾಯರು ಹಳೆಯ ಸರ್ವೆ ನಕ್ಷೆಗಳನ್ನು ಹರವಿಕೊಂಡು ಯಂತ್ರವನ್ನೂ ಆ ನಕ್ಷೆಗಳ ಲೆಕ್ಕಕ್ಕೆ ತಿರುಗಿಸಿದ್ದನ್ನು ಅವಳೇ ನೋಡಿದ್ದಳು. ಸೈಟಿನದು ಉಪಗ್ರಹದ ಲೆಕ್ಕ; ಅದೇ ಅಂಕಿ ಎರಡು ಲೆಕ್ಕದಲ್ಲಿ ಎರಡು ಜಾಗ. ಕೈಯಿಂದ ಒತ್ತಿದ ಅಂಕಿಯನ್ನು ಯಂತ್ರ ಹಳೆಯ ಲೆಕ್ಕದಲ್ಲಿ ಓದಿತ್ತು. ಫೈಲು ತನ್ನ ಲೆಕ್ಕವನ್ನು ತಾನೇ ಹೊತ್ತು ತಂದಿತ್ತು.

ಬೆಳಿಗ್ಗೆ ಮಗಳ ಅಡುಗೆಮನೆಯ ಸಟ್ಟುಗ ಹಿಡಿದು, ಅವಳನ್ನೂ ಕರೆದುಕೊಂಡು ಪಕ್ಕದ ಕೊರಕಲಿಗೆ ಇಳಿದಳು. ಜಾಲಿಯ ಬೇರಿನ ಪೊಟರೆಯನ್ನು ಮಳೆಗಾಲದ ಮಣ್ಣು ಮುಚ್ಚಿತ್ತು. ಕೆರೆದಾಗ ಠಣ್ ಎಂದಿತು. ಅವಳ ಕಣ್ಣು ತುಂಬಿತು. ಅವರ ಡಬ್ಬಿ ಇತ್ತು.

ಹೊರಗೆ ಎಳೆದಳು. ಬಳಿದ ಹಸಿರು ಬಣ್ಣ ಅಲ್ಲಲ್ಲಿ ಎದ್ದು ಸ್ಟೀಲ್ ಹೊಳೆಯುತ್ತಿತ್ತು. ಆ ಹೊಳಪಿನಲ್ಲಿ, ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಎರಡು ಅಕ್ಷರ ಕಂಡವು: ‘ನಾಗ’. ಉಳಿದದ್ದು ಬಣ್ಣದ ಅಡಿಯಲ್ಲಿತ್ತು.

ನಾಗವೇಣಿ ಅಲ್ಲೇ ಕುಕ್ಕರಿಸಿದಳು. ಸೂರತ್ತಿನಿಂದ ಮನೆಗೆ ಬರುವ ರೈಲು ದಾರಿಯಲ್ಲಿ ವಡೋದರಾದಲ್ಲಿ ನಿಲ್ಲುತ್ತದೆ, ರಾಯರು ಡಬ್ಬಿ ಹಿಡಿದು ಅಲ್ಲೇ ಇಳಿದಿರಬಹುದು ಎಂದು ಅವಳಿಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಬೇಡ, ಬಿಡು ಎಂದದ್ದು ಬಿಸಿಲಿಗೆ ಹೆದರಿ ಅಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ, ಪಾಪದ ನಾದಿನಿಯ ಮುಖ ನೆನಪಾಗಿ ನಾಚಿಕೆಯೂ ಆಯಿತು.

ಅಷ್ಟರಲ್ಲಿ ಅರ್ಚಿತಾ ಫೋಟೊ ತೆಗೆದು ಅಪ್ಪನಿಗೆ ಕಳಿಸಿಬಿಟ್ಟಿದ್ದಳು. ಫೋನ್ ಬಂತು. ರಾಯರದು.

“ಹೆಸರು ಓದಿದೇನು?”

“ಓದಿದೆ. ಸೂರತ್ತಿಗೆ ನಾನು ಫೋನ್ ಮಾಡಿ ತಪ್ಪಾತು ಅಂತೀನಿ. ನೀವು ಸೈಟಿಗೆ ಬರೀರಿ, ಡಬ್ಬಿ ಅದ ಅಂತ.”

“ಮನಿಗೆ ತರ್ತೀಯೇನು?” ರಾಯರ ದನಿ ಸಣ್ಣದಾಗಿತ್ತು.

ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಅವ್ವನ ಡಬ್ಬಿ.

“ತಂದ್ರ ನಿಮ್ಮ ಆಟ ಮುಗೀತದ. ಇಲ್ಲೇ ಇರ್ಲಿ.”

ಫೋನ್ ಇಟ್ಟು ಮುಚ್ಚಳ ತೆಗೆದಳು. ಬಚ್ಚಿಟ್ಟವರು ಸಹಿ ಹಾಕುವಂತಿಲ್ಲ, ಹುಡುಕಿದವರು ಹಾಕಬೇಕು. ಯಾರು ಯಾರದೋ ಹೆಸರುಗಳ ಕೆಳಗೆ ತನ್ನದನ್ನು ದಪ್ಪಗೆ ಬರೆದಳು. ಮುಚ್ಚಳ ಹಾಕಿ, ಸಟ್ಟುಗದ ಅಂಚಿನಿಂದ ಹಸಿರು ಬಣ್ಣವನ್ನು ಕೆರೆಯತೊಡಗಿದಳು. ‘ವೇಣಿ’ಯೂ ಪೂರ್ತಿ ಕಾಣುವವರೆಗೆ ಕೆರೆದು, ಡಬ್ಬಿಯನ್ನು ಪೊಟರೆಯಲ್ಲಿ ಇದ್ದಲ್ಲೇ ಇಟ್ಟಳು.